ಕೌದಿಯ ಪಕ್ಕದಲ್ಲಿ ಮಕ್ಕಳ ಚಿತ್ರ: ಜೋಡಿ ಪ್ರದರ್ಶನ ಮಾಡೋದು ಹೇಗೆ?

ಕೌದಿ ಕಲಾವಿದೆಯೊಬ್ಬರ ಕೆಲಸವನ್ನೂ ಶಾಲಾ ಮಕ್ಕಳ ಚಿತ್ರಗಳನ್ನೂ ಒಟ್ಟಿಗೆ ತೋರಿಸುವ ಪ್ರದರ್ಶನಗಳು ಹೆಚ್ಚಾಗಿ ಹೀಗಿರುತ್ತವೆ. ಒಳಗಿನ ದೊಡ್ಡ ಹಾಲ್‌ನಲ್ಲಿ ಕೌದಿಗಳು, ಹೊರಗಿನ ಕಾರಿಡಾರ್‌ನಲ್ಲಿ ಮಕ್ಕಳ ಚಿತ್ರಗಳು. ಅಪ್ಪ ಅಮ್ಮ ಬಂದು ತಮ್ಮ ಮಗುವಿನ ಚಿತ್ರದ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಕೌದಿ ನೋಡಲು ಬಂದವರು ಕಾರಿಡಾರ್ ದಾಟಿ ನೇರ ಒಳಗೆ ನಡೆಯುತ್ತಾರೆ. ಬಾಗಿಲು ಒಂದೇ, ಪ್ರದರ್ಶನ ಮಾತ್ರ ಎರಡು.

ಹೀಗಾಗಬಾರದು ಅಂದರೆ ಜೋಡಿಸುವ ಕೆಲಸ ತರಗತಿಯಲ್ಲೇ ಶುರುವಾಗಬೇಕು. ಚಿತ್ರ ಬರೆದು ಮುಗಿದ ಮೇಲೆ ಗೋಡೆಯ ಮುಂದೆ ನಿಂತು 'ಯಾವುದರ ಪಕ್ಕ ಯಾವುದು' ಅಂತ ಯೋಚಿಸಿದರೆ ಬಣ್ಣಕ್ಕೆ ಬಣ್ಣ ಹೊಂದಿಸುವುದಷ್ಟೇ ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಪ್ರದರ್ಶನ ನಿಂತಿರುವುದು ಒಂದೇ ವಿಷಯದ ಮೇಲೆ: ಕಲಾವಿದೆ ಹೊಲಿಯುವಾಗ ಎದುರಿಸಿದ ಪ್ರಶ್ನೆಯನ್ನು ಮಕ್ಕಳ ಮುಂದೆಯೂ ಇಡಬೇಕು. ಅವರ ಉತ್ತರ ಏನೇ ಬರಲಿ, ಕಲಾವಿದೆಯ ಉತ್ತರದ ಪಕ್ಕದಲ್ಲೇ ತೂಗುಹಾಕಬೇಕು.

ಮೊದಲು ಕಲಾವಿದೆಯ ಜೊತೆ ಮಾತು

ಪ್ರದರ್ಶನದ ದಿನಕ್ಕಿಂತ ಐದಾರು ತಿಂಗಳು ಮುಂಚೆ ಶುರು ಮಾಡಿ. ಶಾಲೆಯ ಪರೀಕ್ಷೆ, ರಜೆ ಎಲ್ಲ ಕಳೆದರೆ ಕೈಗೆ ಸಿಗುವುದು ಅದರ ಅರ್ಧ.

ಕಲಾವಿದೆಯ ಮನೆಗೋ ಸ್ಟುಡಿಯೋಗೋ ಹೋಗಿ ಕೌದಿಗಳನ್ನು ಬಿಡಿಸಿ ನೋಡಿ. ಫೋಟೊ ನೋಡಿ ಆರಿಸಬೇಡಿ. ಫೋಟೊದಲ್ಲಿ ಬಣ್ಣ ಕಾಣುತ್ತದೆ, ಹೊಲಿಗೆಯ ಉಬ್ಬುತಗ್ಗು ಕಾಣುವುದಿಲ್ಲ. ಎಂಟು ಹತ್ತು ಕೌದಿ ಸಾಕು. ಜಾಸ್ತಿ ಇಟ್ಟರೆ ಮಕ್ಕಳ ಕೆಲಸಕ್ಕೆ ಗೋಡೆಯೇ ಉಳಿಯುವುದಿಲ್ಲ. ಒಂದೊಂದು ಕೌದಿಯ ಮುಂದೆಯೂ ಕಲಾವಿದೆಯನ್ನು ಕೇಳಿ: 'ಇದರಲ್ಲಿ ನಿಮ್ಮನ್ನು ಜಾಸ್ತಿ ಕಾಡಿದ್ದು ಯಾವುದು?' ಬಟ್ಟೆ ಸಾಲದೆ ಹೋದದ್ದು, ಒಂದು ಬಣ್ಣ ಉಳಿದೆಲ್ಲವನ್ನೂ ನುಂಗಿದ್ದು, ತೀರಿಹೋದವರ ಅಂಗಿಗೆ ಕತ್ತರಿ ಹಾಕಲೋ ಬೇಡವೋ ಅನ್ನಿಸಿದ್ದು, ಇಂಥವು ಹೊರಬರುತ್ತವೆ. ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಮಕ್ಕಳ ಪಾಠ ಹುಟ್ಟುವುದು ಆ ನೋಟ್‌ಬುಕ್ಕಿನಿಂದ.

ಹೀಗೆ ಕೇಳಿ ಬರೆದುಕೊಂಡಿದ್ದರಿಂದಲೇ ಹ್ಯಾರಿಯೆಟ್ ಪವರ್ಸ್ ಅವರ ಕೌದಿಯ ಅರ್ಥ ಇವತ್ತು ನಮಗೆ ಗೊತ್ತಿದೆ. ಅಮೆರಿಕದ ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ ಹೆಂಗಸು ಅವರು. ಬೈಬಲ್ ಕತೆಗಳಿರುವ ಅವರ ಕೌದಿ 1886ರಲ್ಲಿ ಅದೇ ಜಾರ್ಜಿಯಾದ ಅಥೆನ್ಸ್ ಪಟ್ಟಣದ ಹತ್ತಿ ಮೇಳದಲ್ಲಿ ಪ್ರದರ್ಶನಕ್ಕಿತ್ತು. ಅಲ್ಲಿ ಅದನ್ನು ನೋಡಿ ಮೆಚ್ಚಿದ ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಕೆಲವು ವರ್ಷಗಳ ನಂತರ ಕೊಂಡರು. ಆಗ ಪವರ್ಸ್ ಒಂದೊಂದೇ ಚೌಕದ ಕತೆ ಹೇಳಿದರು, ಸ್ಮಿತ್ ಬರೆದಿಟ್ಟುಕೊಂಡರು. ಕೌದಿ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಈ ಹಂತದಲ್ಲೇ ಒಂದು ಕರಾರು ಪತ್ರವೂ ಆಗಿಬಿಡಲಿ. ಯಾವ ಕೌದಿಗಳು, ಅಳತೆ ಎಷ್ಟು, ಈಗ ಯಾವ ಸ್ಥಿತಿಯಲ್ಲಿವೆ (ಮುಂದಿನ, ಹಿಂದಿನ ಫೋಟೊ ಸಮೇತ), ಬೆಲೆ ಎಷ್ಟು, ವಿಮೆ ಯಾರದ್ದು, ತಂದು ವಾಪಸ್ ಕೊಡುವವರು ಯಾರು, ಇವಿಷ್ಟು ಅದರಲ್ಲಿರಬೇಕು. ಮಕ್ಕಳ ಜೊತೆ ಕಳೆಯುವ ದಿನಗಳಿಗೆ ಕಲಾವಿದೆಗೆ ಸಂಭಾವನೆ ಕೊಡಿ. 'ಮಕ್ಕಳಿಗೋಸ್ಕರ ತಾನೇ' ಅಂತ ಸುಮ್ನೆ ಕರೆಸಿಕೊಳ್ಳುವುದು ಸರಿಯಲ್ಲ. ಶಾಲೆಯ ಟೀಚರ್‌ಗೆ ಸಂಬಳ ಇರುತ್ತದೆ ಅಲ್ವಾ?

ಪ್ರತಿ ಕೌದಿಗೂ ಒಂದು ಪ್ರಶ್ನೆ

'ಈ ಕೌದಿ ನೋಡಿ, ನೀವೂ ಇಂಥದ್ದೇ ಬರೆಯಿರಿ' ಅಂದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮೂವತ್ತು ಮಕ್ಕಳು ಒಂದೇ ಕೌದಿಯ ಮೂವತ್ತು ಸೊಟ್ಟ ಪ್ರತಿ ತಂದುಕೊಡುತ್ತಾರೆ. ಅವನ್ನು ಮೂಲದ ಪಕ್ಕ ಇಟ್ಟರೆ ಮಕ್ಕಳು ಸೋತಂತೆ ಕಾಣುತ್ತದೆ. ಅವರೇನೂ ಸೋತಿಲ್ಲ. ಗೆಲ್ಲಲಾಗದ ಆಟಕ್ಕೆ ನಾವೇ ಅವರನ್ನು ಇಳಿಸಿದ್ದು.

ಅದರ ಬದಲು ಕೌದಿಯಿಂದ ಒಂದೇ ಒಂದು ಪ್ರಶ್ನೆ ಹೊರತೆಗೆಯಿರಿ. ಕೆಲವು ದಾರಿಗಳನ್ನು ಹೇಳುತ್ತೇನೆ.

ಕೇಳಿದ್ದನ್ನು ಬರೆಯುವುದು. ಪವರ್ಸ್ ಅವರ ಇನ್ನೊಂದು ಕೌದಿ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದೆ. ಅದರ ಒಂದು ಚೌಕದಲ್ಲಿ 1833ರ ನವೆಂಬರ್‌ನಲ್ಲಿ ಸುರಿದ ಉಲ್ಕೆಗಳ ಮಳೆ ಇದೆ. ಅವರು ಹುಟ್ಟಿದ್ದೇ ಅದಾಗಿ ನಾಲ್ಕು ವರ್ಷದ ಮೇಲೆ. ಅಂದರೆ ಕಣ್ಣಾರೆ ಕಂಡದ್ದಲ್ಲ, ಹಿರಿಯರ ಬಾಯಲ್ಲಿ ಕೇಳಿದ್ದು. ಮಕ್ಕಳಿಗೆ ಇದನ್ನು ಹೇಳಿ, 'ನೀನು ಹುಟ್ಟುವ ಮುಂಚೆ ನಡೆದದ್ದು, ಮನೆಯಲ್ಲಿ ಈಗಲೂ ಮಾತಾಡುವಂಥದ್ದು ಏನಿದೆ?' ಅಂತ ಕೇಳಿ. ಒಂದು ವಾರ ಟೈಮ್ ಕೊಡಿ. ಮನೆಗೆ ಹೋಗಿ ಕೇಳಿಕೊಂಡು ಬರಲಿ. ನೋಡದೇ ಇದ್ದದ್ದನ್ನು ಬರೆಯುವಾಗ ಮಕ್ಕಳು 'ಸರಿಯಾಗಿ ಬಂತಾ' ಅಂತ ಹೆದರುವುದು ಕಡಿಮೆ.

ಚಿತ್ರದ ಜೊತೆ ಮಾತು. ಅಮೆರಿಕದ ಕಲಾವಿದೆ ಫೇತ್ ರಿಂಗೋಲ್ಡ್ ಬಣ್ಣದ ಚಿತ್ರವನ್ನೂ ಬಟ್ಟೆ ತುಂಡುಗಳ ಅಂಚನ್ನೂ ಕೈಬರಹದ ಕತೆಯನ್ನೂ ಒಂದೇ ಕೌದಿಯಲ್ಲಿ ಸೇರಿಸಿದವರು. 1988ರ ಅವರ 'ಟಾರ್ ಬೀಚ್' ಕೌದಿಯಲ್ಲಿ ಮನೆಯ ತಾರಸಿಯ ಮೇಲೆ ರಾತ್ರಿ ಕಳೆಯುತ್ತಿರುವ ಕುಟುಂಬ ಇದೆ, ಮೇಲೆ ಹಾರುತ್ತಿರುವ ಹುಡುಗಿ ಇದ್ದಾಳೆ, ಕತೆ ಬಟ್ಟೆಯ ಪಟ್ಟಿಗಳ ಮೇಲಿದೆ. ನಿಮ್ಮ ಕಲಾವಿದೆ ಕತೆ ಹೇಳುವ ಬಗೆಯವರಾದರೆ ಮಕ್ಕಳಿಗೂ ಮೇಲೊಂದು ಕೆಳಗೊಂದು ಖಾಲಿ ಪಟ್ಟಿ ಕೊಡಿ. ಚಿತ್ರದಲ್ಲಿ ಹೇಳಲಾಗದ್ದನ್ನು ಮಾತ್ರ ಅಲ್ಲಿ ಬರೆಯಬೇಕು ಅನ್ನುವುದು ನಿಯಮ.

ಇದ್ದದ್ದರಲ್ಲೇ ಮಾಡುವುದು. ಅಲಬಾಮಾದ ಜೀಸ್ ಬೆಂಡ್ ಎಂಬ ಸಣ್ಣ ಊರಿನ ಹೆಂಗಸರು ಹೊಲಕ್ಕೆ ಹಾಕಿ ಸವೆದ ಪ್ಯಾಂಟು, ಅಂಗಿಗಳಿಂದ ಕೌದಿ ಹೊಲಿದರು. 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂನಲ್ಲಿ ತೋರಿಸಿದ ಮೇಲೆ ಅವು ಜಗತ್ತಿಗೆಲ್ಲ ಗೊತ್ತಾದವು. ಮೊಣಕಾಲಿನ ಹತ್ತಿರ ಬಣ್ಣ ಹೋದದ್ದು, ಜೇಬು ಬಿಚ್ಚಿದ ಜಾಗದಲ್ಲಿ ಉಳಿದ ಕಡು ನೀಲಿ ಚೌಕ, ಎಲ್ಲವೂ ವಿನ್ಯಾಸದ ಭಾಗವೇ. ಮಕ್ಕಳಿಗೆ ಹೊಸ ಬಣ್ಣದ ಕಾಗದ ಕೊಡಬೇಡಿ. ಬಳಸಿದ ಲಕೋಟೆ, ಹಳೆ ನೋಟ್‌ಬುಕ್ಕಿನ ರಟ್ಟು, ಪೊಟ್ಟಣದ ಕಾಗದ ತರಿಸಿ. ಮಡಿಕೆ ಗುರುತು, ಮಸಿ ಕಲೆ ಹಾಗೇ ಇರಲಿ.

ನಿಯಮ ಮಾಡಿ ಮುರಿಯುವುದು. ಒಂಬತ್ತು ಚೌಕ, ಎಂಟರಲ್ಲಿ ಒಂದೇ ಕ್ರಮ, ಒಂದರಲ್ಲಿ ಬೇರೆ. ಎಲ್ಲಿ ಮುರಿದೆ, ಯಾಕೆ ಮುರಿದೆ ಅಂತ ಮಗು ಹೇಳಬೇಕು. ಸಣ್ಣ ಮಕ್ಕಳಿಗೂ ಇದು ಚೆನ್ನಾಗಿ ಒಗ್ಗುತ್ತದೆ.

ಅಳತೆ ಒಂದೇ ಇರಲಿ

ಮಕ್ಕಳಿಗೆ ವಿಷಯದಲ್ಲಿ ಬೇಕಾದಷ್ಟು ಬಿಡುವು ಕೊಡಿ, ಅಳತೆಯಲ್ಲಿ ಮಾತ್ರ ಬೇಡ. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ 1987ರಲ್ಲಿ ಶುರುವಾದ ಅಮೆರಿಕದ ಸ್ಮಾರಕ ಕೌದಿಯನ್ನು ನೋಡಿ. ಒಂದೊಂದು ತುಂಡನ್ನೂ ಒಬ್ಬೊಬ್ಬರು ತಮಗೆ ತೋಚಿದಂತೆ ಮಾಡಿದರು, ಅಳತೆ ಮಾತ್ರ ಎಲ್ಲರಿಗೂ 3 ಅಡಿ, 6 ಅಡಿ. ಎಂಟು ತುಂಡು ಸೇರಿದರೆ 12 ಅಡಿಯ ಚೌಕ. ಸಾವಿರಾರು ಜನರ ಕೆಲಸ ಒಂದೇ ಕೌದಿಯಾಗಿ ನಿಂತದ್ದು ಆ ಒಂದು ನಿಯಮದಿಂದ.

ಮಕ್ಕಳಿಗೆ 8 ಇಂಚಿನ ಚೌಕ ಅನುಕೂಲ. ಮೂವತ್ತು ಮಕ್ಕಳಿದ್ದರೆ ಐದು ಸಾಲು, ಆರು ಕಂಬ. ಒಟ್ಟು 40 ಇಂಚು, 48 ಇಂಚು. ಇಪ್ಪತ್ತೊಂಬತ್ತು ಇದ್ದರೆ ಉಳಿದ ಒಂದು ಚೌಕದಲ್ಲಿ ತರಗತಿಯ ಹೆಸರು ಬರಲಿ, ಅಥವಾ ಕಲಾವಿದೆಯೇ ಒಂದು ಮಾಡಿಕೊಡಲಿ. ಮೂವತ್ತೊಂದು ಇದ್ದರೆ ನಾಲ್ಕು ಸಾಲು, ಎಂಟು ಕಂಬ, ಮತ್ತೆ ಒಂದು ಖಾಲಿ. ಲೆಕ್ಕ ಕೂಡಲಿಲ್ಲ ಅಂತ ಒಂದು ಮಗುವಿನ ಚೌಕ ಬಿಡುವುದು ಮಾತ್ರ ಬೇಡವೇ ಬೇಡ. ಆವತ್ತು ಶಾಲೆಗೆ ಬರದ ಮಗುವಿಗೆ ಇನ್ನೊಂದು ದಿನ ಕೂರಿಸಿ ಮಾಡಿಸಿ.

ಆಯ್ಕೆ, ಬಹುಮಾನ ಎರಡೂ ಬೇಡ ಅಂತ ನನ್ನ ಅಭಿಪ್ರಾಯ. ಬಹುಮಾನ ಇದೆ ಅಂದ ಕೂಡಲೇ ಮಕ್ಕಳು ಟೀಚರ್‌ಗೆ ಇಷ್ಟವಾಗುವ ಚಿತ್ರ ಬರೆಯುತ್ತಾರೆ.

ತರಗತಿಯಲ್ಲಿ: ಒಂದು ಕೆಲಸ ಹತ್ತಿರದಿಂದ

ಲಾಗ್ ಕ್ಯಾಬಿನ್ ಅನ್ನುವ ಹಳೆಯ ಕೌದಿ ವಿನ್ಯಾಸ ಕಾಗದದಲ್ಲಿ ಮಾಡಲು ಬಹಳ ಸುಲಭ. ನಡುವೆ ಒಂದು ಸಣ್ಣ ಚೌಕ. ಸುತ್ತ ಒಂದಾದ ಮೇಲೊಂದು ಪಟ್ಟಿ. ಅಕ್ಕಪಕ್ಕದ ಎರಡು ಬದಿಗೆ ತಿಳಿ ಬಣ್ಣ, ಉಳಿದ ಎರಡಕ್ಕೆ ಗಾಢ ಬಣ್ಣ. ಹೀಗಾಗಿ ಚೌಕ ಮೂಲೆಯಿಂದ ಮೂಲೆಗೆ ಬೆಳಕು, ನೆರಳು ಅಂತ ಎರಡು ಪಾಲಾಗುತ್ತದೆ.

8 ಇಂಚಿನ ಚೌಕಕ್ಕೆ ಅಳತೆ ಹೀಗೆ. ನಡುವಿನ ಚೌಕ 2 ಇಂಚು. ಪಟ್ಟಿಗಳೆಲ್ಲ 1 ಇಂಚು ಅಗಲ. ಮೊದಲ ಸುತ್ತಿನ ಪಟ್ಟಿಗಳ ಉದ್ದ 2, 3, 3, 4 ಇಂಚು. ಎರಡನೇ ಸುತ್ತು 4, 5, 5, 6. ಮೂರನೆಯದು 6, 7, 7, 8. ಪ್ರತಿ ಸುತ್ತಿನಲ್ಲೂ ಮೊದಲ ಎರಡು ತಿಳಿ, ಆಮೇಲಿನ ಎರಡು ಗಾಢ. ಒಂದೇ ದಿಕ್ಕಿನಲ್ಲಿ ಸುತ್ತುತ್ತಾ ರಟ್ಟಿನ ಮೇಲೆ ಅಂಟಿಸುತ್ತಾ ಹೋಗಬೇಕು. ಹತ್ತು ವರ್ಷದ ಮಕ್ಕಳು ಎರಡು ಪೀರಿಯಡ್‌ನಲ್ಲಿ ಮುಗಿಸುತ್ತಾರೆ. ಸಣ್ಣವರಿಗೆ ಪಟ್ಟಿ ಕತ್ತರಿಸಿ ಕೊಡಿ.

ಮಜಾ ಇರುವುದು ಆಮೇಲೆ. ಎಲ್ಲ ಚೌಕ ಒಣಗಿದ ಮೇಲೆ ನೆಲದ ಮೇಲೆ ಹರಡಿ. ಎಲ್ಲವೂ ಒಂದೇ ದಿಕ್ಕಿಗೆ ಇದ್ದರೆ ಹಲ್ಲು ಹಲ್ಲಿನ ಗೆರೆ ಬರುತ್ತದೆ. ಒಂದು ಬಿಟ್ಟು ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ಉತ್ತ ಹೊಲದ ಸಾಲಿನಂತೆ ಓರೆ ಪಟ್ಟೆಗಳು ಏಳುತ್ತವೆ. ನಡುವಿನ ನಾಲ್ಕು ಚೌಕಗಳ ತಿಳಿ ಮೂಲೆ ಒಂದಕ್ಕೊಂದು ತಾಗುವ ಹಾಗೆ ಇಟ್ಟು, ಸುತ್ತ ಬೆಳೆಸುತ್ತಾ ಹೋದರೆ ವಜ್ರದಾಕಾರದ ಸುತ್ತುಗಳು. ಚೌಕ ಅವೇ, ಕೌದಿ ಬೇರೆ. ಒಬ್ಬ ಹುಡುಗ 'ನಂದು ತಲೆಕೆಳಗಾಯ್ತು' ಅಂತಾನೆ, ಪಕ್ಕದವಳು 'ಹಾಗಿದ್ರೇನೇ ಚೆನ್ನಾಗಿ ಕಾಣ್ಸತ್ತೆ' ಅಂತಾಳೆ. ಜಗಳ ಆಡಲಿ ಬಿಡಿ. ಒಂದೊಂದು ಜೋಡಣೆಗೂ ಸ್ಟೂಲ್ ಹತ್ತಿ ಮೇಲಿನಿಂದ ಫೋಟೊ ತೆಗೆಯಿರಿ. ಕೊನೆಗೆ ಯಾವುದು ಅಂತ ಮಕ್ಕಳೇ ತೀರ್ಮಾನಿಸಬೇಕು. ಟೀಚರ್ ಕೈ ಕಟ್ಟಿಕೊಂಡು ನಿಲ್ಲಬೇಕು. ಈ ಗೈಡಿನಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಕಲಾವಿದೆ ತರಗತಿಗೆ ಎರಡು ಸಲ ಬಂದರೆ ಒಳ್ಳೆಯದು. ಮೊದಲ ಸಲ ನಿಜವಾದ ಕೌದಿ ತರಲಿ. ಮೇಲಿನ ಪದರ, ನಡುವಿನ ಹತ್ತಿ ಹಾಸು, ಅಡಿಯ ಬಟ್ಟೆ, ಮೂರನ್ನೂ ಹಿಡಿಯುವ ಹೊಲಿಗೆ, ಎಲ್ಲ ಕಾಣುವಂತೆ ಅರ್ಧ ಬಿಟ್ಟ ಒಂದು ತುಂಡನ್ನೂ ತರಲಿ. ಎರಡನೇ ಸಲ ಮಕ್ಕಳ ಕೆಲಸ ನಡೆಯುವಾಗ ಬಂದು, ತಿದ್ದದೆ ಬರೀ ಪ್ರಶ್ನೆ ಕೇಳಲಿ.

ತೂಗುಹಾಕುವುದು

ಕೌದಿಗೆ ಮೊಳೆ, ಪಿನ್ನು, ಕ್ಲಿಪ್ಪು ಹಾಕಬೇಡಿ. ಇಡೀ ಭಾರ ನಾಲ್ಕೈದು ಬಿಂದುಗಳ ಮೇಲೆ ಬಿದ್ದು ಬಟ್ಟೆ ಜಗ್ಗುತ್ತದೆ, ಹಳೆಯದಾದರೆ ಹರಿಯುತ್ತದೆ. ಭಾರ ಮೇಲಂಚಿನ ಉದ್ದಕ್ಕೂ ಹಂಚಿಹೋಗಬೇಕು. ಅದಕ್ಕೆ ಹಿಂಬದಿಯಲ್ಲಿ ಕೋಲು ತೂರಿಸುವ ಬಟ್ಟೆಯ ಪಟ್ಟಿ ಬೇಕು, ಕಿಟಕಿ ಪರದೆಗೆ ಇರುತ್ತದಲ್ಲ, ಅಂಥದ್ದೇ.

9 ಇಂಚು ಅಗಲದ ಹತ್ತಿ ಬಟ್ಟೆ ತಗೊಳ್ಳಿ. ಉದ್ದ ಕೌದಿಯ ಅಗಲಕ್ಕಿಂತ 2 ಇಂಚು ಕಡಿಮೆ. ತುದಿ ಮಡಚಿ ಹೊಲಿಯಲು ಸ್ವಲ್ಪ ಹೆಚ್ಚು ಬಿಟ್ಟುಕೊಳ್ಳಿ. ಉದ್ದಕ್ಕೆ ಎರಡಾಗಿ ಮಡಚಿ ಅರ್ಧ ಇಂಚು ಬಿಟ್ಟು ಹೊಲಿದರೆ 4 ಇಂಚಿನ ಕೊಳವೆ ಸಿಗುತ್ತದೆ. ಅದನ್ನು ಕೌದಿಯ ಹಿಂಬದಿಗೆ, ಮೇಲಂಚಿನ ಸ್ವಲ್ಪ ಕೆಳಗೆ, ಕೈಹೊಲಿಗೆಯಲ್ಲಿ ಕೂರಿಸಿ. ಸೂಜಿ ಅಡಿಯ ಬಟ್ಟೆಯನ್ನೂ ನಡುವಿನ ಹತ್ತಿ ಹಾಸನ್ನೂ ತಾಗಲಿ, ಮುಂದಕ್ಕೆ ಬರಬಾರದು. ಒಂದು ಗುಟ್ಟು ಇದೆ. ಕೊಳವೆಯ ಹೊರಬದಿಯನ್ನು ಅರ್ಧ ಇಂಚು ಸಡಿಲ ಬಿಟ್ಟು ಹೊಲಿಯಿರಿ. ಬಿಗಿ ಹೊಲಿದರೆ ಕೋಲಿನ ದಪ್ಪ ಕೌದಿಯ ಮುಂಭಾಗದಲ್ಲಿ ಉಬ್ಬಿ ಕಾಣುತ್ತದೆ. 6 ಅಡಿಗಿಂತ ಅಗಲದ ಕೌದಿಗೆ ಕೊಳವೆಯನ್ನು ಎರಡು ಭಾಗ ಮಾಡಿ, ನಡುವೆ ಒಂದು ಕೊಕ್ಕೆ ಹಿಡಿಯುವಷ್ಟು ಜಾಗ ಬಿಡಿ. ಇಲ್ಲದಿದ್ದರೆ ಕೋಲು ನಡುವೆ ಬಾಗುತ್ತದೆ. ಮರದ ಕೋಲಾದರೆ ಪಾಲಿಶ್ ಹಚ್ಚಿ ಚೆನ್ನಾಗಿ ಒಣಗಿಸಿ. ಪಾಲಿಶ್ ಇಲ್ಲದ ಮರದ ಆಮ್ಲ ಕಾಲಕ್ರಮೇಣ ಬಟ್ಟೆಗೆ ಇಳಿದು ಕಲೆ ಮಾಡುತ್ತದೆ. ಕೊಳವೆ ಹೊಲಿಯುವ ಕೆಲಸ ಕಲಾವಿದೆಯದ್ದೋ ನಿಮ್ಮದೋ ಅಂತ ಕರಾರಿನಲ್ಲೇ ಬರೆದಿರಲಿ, ಅವರನ್ನು ಕೇಳದೆ ಅವರ ಕೌದಿಗೆ ಸೂಜಿ ಚುಚ್ಚುವಂತಿಲ್ಲ.

ಕೌದಿ ಬಂದ ಮೇಲೆ ಒಂದು ದಿನ ಮೇಜಿನ ಮೇಲೆ ಬಿಡಿಸಿಡಿ. ಮಡಿಕೆ ತಾನಾಗೇ ಇಳಿಯುತ್ತದೆ, ಇಸ್ತ್ರಿ ಬೇಡ. ಹುಳ ಇದೆಯಾ ಅಂತ ಹೊಲಿಗೆಯ ಸಂದುಗಳನ್ನು ನೋಡಿ. ಉಂಗುರ, ಬಳೆ, ವಾಚು ಬಿಚ್ಚಿಟ್ಟು ಕೈ ತೊಳೆದು ಮುಟ್ಟಿ.

ಇನ್ನು ಎತ್ತರ. ಗ್ಯಾಲರಿಗಳಲ್ಲಿ ಚಿತ್ರದ ನಡು ನೆಲದಿಂದ ಸುಮಾರು 57 ಇಂಚಿಗೆ ಬರುವಂತೆ ಹಾಕುತ್ತಾರೆ. ಅದು ದೊಡ್ಡವರ ಕಣ್ಣಿಗೆ. ಇಲ್ಲಿ ನೋಡುವವರಲ್ಲಿ ಅರ್ಧ ಜನ ಮಕ್ಕಳೇ. ಎಲ್ಲವನ್ನೂ 50 ಇಂಚಿಗೆ ಇಳಿಸಿ, ಕೌದಿ, ಚಿತ್ರ ಎರಡನ್ನೂ. ದೊಡ್ಡವರು ಸ್ವಲ್ಪ ಬಗ್ಗಿದರೆ ಏನೂ ಆಗುವುದಿಲ್ಲ. ಒಂದು ಕೌದಿ, ಅದರ ಪ್ರಶ್ನೆಗೆ ಬಂದ ಮಕ್ಕಳ ಕೆಲಸ, ಆಮೇಲೆ ಸ್ವಲ್ಪ ಖಾಲಿ ಗೋಡೆ. ಮುಂದೆ ಇನ್ನೊಂದು ಕೌದಿ. ಒಂದು ಕಡೆ ನಿಂತರೆ ಎರಡೂ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಕೌದಿಗೆ ಸ್ಪಾಟ್‌ಲೈಟು, ಮಕ್ಕಳದ್ದಕ್ಕೆ ಟ್ಯೂಬ್‌ಲೈಟು ಅಂತ ಮಾಡಿದರೆ ನೋಡುವವರಿಗೆ ಯಾವುದು ಮುಖ್ಯ ಅಂತ ನೀವೇ ಹೇಳಿಕೊಟ್ಟಂತೆ.

ಬೆಳಕು ಬಟ್ಟೆಯ ಶತ್ರು. ಮ್ಯೂಸಿಯಂಗಳು ಬಟ್ಟೆಯ ಮೇಲೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್‌ಗೆ (ಲಕ್ಸ್ ಅಂದರೆ ಬೆಳಕಿನ ಅಳತೆ) ಇಳಿಸುತ್ತವೆ. ಮೊಬೈಲ್ ಆ್ಯಪ್‌ನಲ್ಲಿ ಅಳೆದರೆ ಅಂದಾಜು ಸಿಗುತ್ತದೆ. ಕಿಟಕಿಯ ಬಿಸಿಲು ಬೀಳುವ ಗೋಡೆಗೆ ಕೌದಿ ಬೇಡವೇ ಬೇಡ. ಮಕ್ಕಳ ಸ್ಕೆಚ್ ಪೆನ್ನಿನ ಬಣ್ಣ ಕೂಡ ಬೇಗ ಮಾಸುತ್ತದೆ, ಹಾಗಾಗಿ ಇಬ್ಬರಿಗೂ ಇದೇ ಬೆಳಕು ಒಳ್ಳೆಯದು. ಪ್ರದರ್ಶನ ಮೂರು ತಿಂಗಳು ಮೀರದಿರಲಿ.

ಜನ ಮುಟ್ಟುತ್ತಾರೆ. ಕೌದಿ ಕಂಡರೆ ಕೈ ತಾನಾಗೇ ಹೋಗುತ್ತದೆ. 'ಮುಟ್ಟಬೇಡಿ' ಬೋರ್ಡಿನ ಜೊತೆಗೆ, ಮುಟ್ಟಲು ಅಂತಲೇ ಕಲಾವಿದೆಯಿಂದ ಒಂದು ಸಣ್ಣ ತುಂಡು ಹೊಲಿಸಿ ಬಾಗಿಲ ಹತ್ತಿರ ಇಡಿ.

ಲೇಬಲ್ಲು, ಹೆಸರು, ಅನುಮತಿ

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಮೆರಿಕದ ಹಳೆಯ ಕೌದಿಗಳನ್ನು ಪೇಂಟಿಂಗ್‌ಗಳ ಹಾಗೆ ಗೋಡೆಗೆ ಹಾಕಿ ತೋರಿಸಿತು. ಕೌದಿಯನ್ನು ಕಲೆಯಾಗಿ ನೋಡುವುದಕ್ಕೆ ಅದು ದೊಡ್ಡ ತಿರುವು. ಆದರೆ ವಿನ್ಯಾಸದ ಮಾತು ಮುಂದಾಗಿ ಹೊಲಿದ ಹೆಂಗಸರು ಹಿಂದೆ ಬಿದ್ದರು ಅನ್ನುವ ಟೀಕೆ ಆಮೇಲೆ ಬಂತು. ನಿಮ್ಮ ಲೇಬಲ್ಲು ಬರೆಯುವಾಗ ಇದು ನೆನಪಿರಲಿ. ಕಲಾವಿದೆಯ ಹೆಸರು ಇರುವ ಅಕ್ಷರದ ಅಳತೆಯಲ್ಲೇ ಮಗುವಿನ ಹೆಸರೂ ಇರಬೇಕು. 'ನಾಲ್ಕನೇ ತರಗತಿ ಮಕ್ಕಳು' ಅಂತ ಒಂದೇ ಲೇಬಲ್ಲಿನಲ್ಲಿ ಮುಗಿಸಬೇಡಿ.

ಹೆಸರು ಅಂದರೆ ಮೊದಲ ಹೆಸರು, ತರಗತಿ, ಅಷ್ಟೇ. ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ ಯಾವುದೂ ಗೋಡೆಗೆ ಬರಬಾರದು. ತಂದೆ ತಾಯಿಯಿಂದ ಬರವಣಿಗೆಯಲ್ಲಿ ಅನುಮತಿ ತಗೊಳ್ಳಿ. ಚಿತ್ರ ಪ್ರದರ್ಶಿಸಲು ಒಂದು, ಮಗುವಿನ ಫೋಟೊ ಬಳಸಲು ಇನ್ನೊಂದು, ಎರಡೂ ಬೇರೆ ಬೇರೆ ಇರಲಿ. ಮನೆಯ ಕತೆ ಚಿತ್ರವಾಗಿದ್ದರೆ ಮನೆಯವರಿಗೆ ಮುಂಚೆ ತೋರಿಸಿ. ಎಲ್ಲ ಮನೆಯ ಕತೆಯೂ ಗೋಡೆಗೆ ಬರುವಂಥದ್ದಲ್ಲ. ಮಗುವಿಗೂ 'ಬೇಡ' ಅನ್ನುವ ಹಕ್ಕು ಇದೆ.

ಲೇಬಲ್ಲಿನ ಮಾತು ಮಗುವಿನದೇ ಆಗಲಿ. 'ಮೊದಲು ಏನು ಹಾಕಿದೆ? ಎಲ್ಲಿ ಕಷ್ಟ ಆಯಿತು? ಯಾವುದನ್ನು ಬದಲಾಯಿಸಿದೆ?' ಈ ಮೂರು ಪ್ರಶ್ನೆ ಕೇಳಿ, ಮಗು ಹೇಳಿದಂತೆಯೇ ಬರೆದುಕೊಳ್ಳಿ. ಕಲಾವಿದೆಯನ್ನೂ ಇದೇ ಮೂರು ಪ್ರಶ್ನೆ ಕೇಳಿ. ಎರಡೂ ಉತ್ತರ ಅಕ್ಕಪಕ್ಕ ಬಂದರೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ. 18 ಪಾಯಿಂಟ್‌ಗಿಂತ ಸಣ್ಣ ಅಕ್ಷರ ಬೇಡ.

ಶುರುವಾದ ದಿನ, ಮುಗಿದ ಮೇಲೆ

ಉದ್ಘಾಟನೆಯ ಭಾಷಣ ಚಿಕ್ಕದಾಗಿರಲಿ. ಮಕ್ಕಳೇ ಜೋಡಿ ಜೋಡಿಯಾಗಿ ಒಂದೊಂದು ಕೌದಿಯ ಮುಂದೆ ನಿಂತು ಬಂದವರಿಗೆ ವಿವರಿಸಲಿ. ಅವರಿಗೆ ಬಾಯಿಪಾಠ ಮಾಡಿಸಬೇಡಿ, ಮಾಡಿದ ಕೆಲಸವನ್ನು ಹೇಳಲು ಅವರಿಗೆ ಬರುತ್ತದೆ.

ಇಳಿಸುವ ದಿನ ಕೌದಿಗಳನ್ನು ಮೊದಲಿನ ಫೋಟೊ ಜೊತೆ ಹೋಲಿಸಿ ನೋಡಿ, ಕಲಾವಿದೆಯ ಮುಂದೆಯೇ ಸಹಿ ಹಾಕಿಸಿಕೊಳ್ಳಿ. ಮಡಚುವುದಕ್ಕಿಂತ ದಪ್ಪ ಕೊಳವೆಗೆ ಸುತ್ತುವುದು ಮೇಲು. ಮುಂಭಾಗ ಹೊರಗೆ ಬರುವಂತೆ ಸುತ್ತಿ, ಸುಕ್ಕು ಬಿದ್ದರೂ ಹಿಂಬದಿಗೆ ಬೀಳುತ್ತದೆ. ಮೇಲೆ ಒಗೆದ ಹತ್ತಿ ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಬೇಡ.

ಮಕ್ಕಳ ಬಿಡಿ ಚಿತ್ರಗಳನ್ನು ಒಂದು ವಾರದೊಳಗೆ ವಾಪಸ್ ಕೊಡಿ. ಒಟ್ಟಿಗೆ ಜೋಡಿಸಿದ ದೊಡ್ಡ ಫಲಕ ಯಾರಿಗೆ ಸೇರುತ್ತದೆ ಅಂತ ಅಂಟಿಸುವ ಮುಂಚೆಯೇ ಮಕ್ಕಳನ್ನು ಕೇಳಿರಬೇಕು. ಶಾಲೆಯಲ್ಲೇ ಇರಲಿ ಅಂದರೆ ಪೂರ್ತಿ ಅಂಟಿಸಿ. ಮನೆಗೆ ಬೇಕು ಅಂದರೆ ಚೌಕಗಳ ಹಿಂದೆ ವೆಲ್ಕ್ರೋ ತುಂಡು ಹಚ್ಚಿ ಕೂರಿಸಿ, ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಹೆಸರು, ಸಾಲು, ಕಂಬದ ನಂಬರ್ ಬರೆದಿಡಿ. ಆಗ ಬಿಚ್ಚಿ ಹಂಚುವುದು ಅರ್ಧ ಗಂಟೆಯ ಕೆಲಸ.